ಗುಡುಗುಹಂದಿಗಳ ಚಪ್ಪರ

ಲೋವೆಲ್ ಟಿಡ್ವೆಲ್ ತನ್ನ ನಲವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ ಮೇಜು ಗುದ್ದಿ ಮಾತಾಡಿದ್ದ. ಅಭ್ಯಾಸ ಇಲ್ಲದವರು ಮೇಜು ಗುದ್ದಬಾರದು ಎಂಬುದು ಅವನಿಗೆ ಮನವರಿಕೆಯಾಗಲು ಐದು ತಿಂಗಳು ಬೇಕಾಯಿತು.

ಗುದ್ದಿದ್ದು ಜನವರಿಯಲ್ಲಿ, ಗ್ರಿಫಿನ್ ಊರಿನ ಪಿಜ್ಜಾ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಅಲ್ಲಿ ನಡೆದಿದ್ದು ಹತ್ತು ವರ್ಷದ ಹುಡುಗರ ಬೇಸ್‌ಬಾಲ್ ತಂಡವೊಂದರ ತಂದೆತಾಯಿಯರ ಸಭೆ. ತಂಡದ ಹೆಸರು ‘ಥಂಡರ್ ಹಾಗ್ಸ್’, ಅಂದರೆ ಗುಡುಗುಹಂದಿಗಳು. ವಾರದ ಕೊನೆ ಬಂತೆಂದರೆ ಜಾರ್ಜಿಯಾದ ಊರೂರು ತಿರುಗಿ ಆಡುವ ತಂಡ ಅದು. ಶನಿವಾರ ಸೋತರೂ ಗೆದ್ದರೂ ಎಲ್ಲರೂ ಆಡುತ್ತಾರೆ. ಭಾನುವಾರ ಹಾಗಲ್ಲ, ಸೋತವರು ಮನೆಗೆ, ಗೆದ್ದವರು ಮುಂದಿನ ಪಂದ್ಯಕ್ಕೆ.

"ಭಾನುವಾರ ಯಾರಿಗಾದ್ರೂ ತೊಂದ್ರೆ ಇದ್ರೆ ಈಗ್ಲೇ ಹೇಳ್ಬಿಡಿ," ಎಂದು ಕೋಚ್ ರಸ್ಟಿ ಕೇಳಿದ.

ಎಲ್ಲರೂ ತಟ್ಟೆಯಲ್ಲಿದ್ದ ಪಿಜ್ಜಾವನ್ನು ಅದೇ ಮೊದಲ ಸಲ ಕಂಡವರಂತೆ ನೋಡತೊಡಗಿದರು. ಲೋವೆಲ್ ಗ್ಯಾರೇಜಿನ ಬಾಗಿಲು ಮಾರುವವನು. ಬಾಗಿಲಿನ ವಿಷಯವಾಗಲಿ ಬೇರೆ ವಿಷಯವಾಗಲಿ, ಅವನ ಮಾತನ್ನು ಅರ್ಧಕ್ಕಿಂತ ಹೆಚ್ಚು ಯಾರೂ ಕೇಳಿದ್ದಿಲ್ಲ. ಹನ್ನೊಂದು ಮನೆಯವರು ಒಟ್ಟಿಗೆ ಸುಮ್ಮನಾಗಿ ಅವನಿಗೆ ಮಾತಾಡಲು ಜಾಗ ಬಿಟ್ಟುಕೊಟ್ಟದ್ದು ಅದೇ ಮೊದಲು. ಆ ಅವಕಾಶವನ್ನು ಕೈಬಿಡಲು ಅವನಿಗೆ ಮನಸ್ಸಾಗಲಿಲ್ಲ.

"ಮದುವೆ ಇರ್ಲಿ, ಮಣ್ಣಿರ್ಲಿ," ಎಂದು ಮೇಜು ಗುದ್ದಿದ, "ಭಾನುವಾರ ಅಂದ್ರೆ ಮೈದಾನ!"

ಚಪ್ಪಾಳೆಯೋ ಚಪ್ಪಾಳೆ. ತಂಡದ ಊಟ, ಹೋಟೆಲಿನ ಕೋಣೆ, ಜಗಳ ಎಲ್ಲದರ ಉಸ್ತುವಾರಿ ಹೊತ್ತಿದ್ದ, ಚೆಂಡೆಸೆಯುವ ಹುಡುಗನ ತಾಯಿ ಟ್ಯಾಮಿ ಲಿನ್ ಕಣ್ಣೊರೆಸಿಕೊಂಡಳು. ಮಾರ್ಚಿನಲ್ಲಿ ತಂಡದ ಟೀ ಶರ್ಟುಗಳು ಬಂದಾಗ ಒಂದೊಂದರ ಬೆನ್ನಿನ ಮೇಲೂ ದಪ್ಪ ಅಕ್ಷರದಲ್ಲಿ ಆ ಮಾತೇ ಅಚ್ಚಾಗಿತ್ತು. ಕೆಳಗೆ ‘ಲೋವೆಲ್ ಟಿಡ್ವೆಲ್’ ಎಂದು ಹೆಸರೂ ಇತ್ತು. ಅಂದಿನಿಂದ ಲೋವೆಲ್ ತನ್ನ ಮಾತನ್ನು ತಾನೇ ಬೆನ್ನ ಮೇಲೆ ಹೊತ್ತು ತಿರುಗುವವನಾದ.

ಏಪ್ರಿಲ್‌ನಲ್ಲಿ ಅವನ ಅತ್ತೆಗೆ ಮದುವೆ ಗೊತ್ತಾಯಿತು.

ಅತ್ತೆ ಇಮೋಜೀನ್ ಅವರಿಗೆ ಎಪ್ಪತ್ತೊಂದು. ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸು ಬಿಟ್ಟರೂ ದನಿ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ನಿಂತು ಮಾತಾಡಿದರೂ ಹಿಂದಿನ ಸೀಟಿನವರಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. ವಿಧವೆಯಾಗಿ ಹನ್ನೆರಡು ವರ್ಷವಾದ ಮೇಲೆ ಹಾರ್ಲನ್ ಪೀವಿ ಎಂಬ, ಔಷಧಿ ಅಂಗಡಿ ಇಟ್ಟಿದ್ದ ಸಾಧು ಮನುಷ್ಯನನ್ನು ಒಪ್ಪಿಕೊಂಡಿದ್ದರು. ಹದಿನಾಲ್ಕು ವರ್ಷದಿಂದ ಲೋವೆಲ್ ಅತ್ತೆಯನ್ನು ‘ಮಿಸ್ ಇಮೋಜೀನ್’ ಎಂದೇ ಕರೆಯುತ್ತಿದ್ದ. ಅವರಂತೂ ಅಳಿಯನನ್ನು ಸೋಫಾ ಸರಿಸುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಕರೆದವರಲ್ಲ.

ಅಂಥವರು ಒಂದು ಸಂಜೆ ಬಂದು ಸೋಫಾದ ಮೇಲೆ ಕೂತು ಹೇಳಿದರು: "ಜೂನ್ ಎರಡನೇ ಭಾನುವಾರ, ನಾಲ್ಕು ಗಂಟೆಗೆ. ನನ್ನ ತೋಳು ಹಿಡ್ಕೊಂಡು ಚರ್ಚೊಳಗೆ ಕರ್ಕೊಂಡು ಹೋಗೋಕೆ ಮನೆ ಗಂಡಸೊಬ್ಬ ಬೇಕು. ನಮ್ಮನೇಲಿ ಇರೋನು ನೀನೊಬ್ನೇ."

"ಆಗ್ಲಿ ಮ್ಯಾಮ್," ಎಂದ ಲೋವೆಲ್. ಆ ರಾತ್ರಿ ಕನ್ನಡಿಯ ಮುಂದೆ ಮೊಣಕೈ ಮಡಚಿಕೊಂಡು ನಾಲ್ಕು ಹೆಜ್ಜೆ ನಡೆದೂ ನೋಡಿದ.

ಜೂನ್ ಎರಡನೇ ಭಾನುವಾರ ಮೇಕನ್‌ನಲ್ಲಿ ಪಂದ್ಯಾವಳಿ ಇತ್ತು. ಗ್ರಿಫಿನ್‌ನಿಂದ ಮೇಕನ್‌ಗೆ ಒಂದು ಗಂಟೆಯ ದಾರಿ. ಮಗ ಟಕರ್‌ನನ್ನು ಆಡಿಸದೆ ಬಿಡೋಣವೆಂದರೆ ಒಬ್ಬ ಹುಡುಗ ಈಜುಕೊಳದ ಹತ್ತಿರ ಜಾರಿ ಮಣಿಕಟ್ಟು ಮುರಿದುಕೊಂಡಿದ್ದ, ಇನ್ನೊಬ್ಬ ಬೇಸಿಗೆ ಶಿಬಿರಕ್ಕೆ ಹೋಗಿದ್ದ. ಉಳಿದವರು ಸರಿಯಾಗಿ ಒಂಬತ್ತು ಜನ. ಒಂಬತ್ತಕ್ಕಿಂತ ಕಡಿಮೆಯಾದರೆ ಆಡುವ ಮೊದಲೇ ಸೋತಂತೆ. ಇನ್ನು ಕೋಚ್ ರಸ್ಟಿಗೆ ‘ಅತ್ತೆಯ ಮದುವೆ ಇದೆ’ ಎಂದು ಹೇಳೋಣವೆಂದರೆ ಬೆನ್ನ ಮೇಲಿನ ಬರಹ ಬಾಯಿ ಕಟ್ಟುತ್ತಿತ್ತು.

"ನೀನೇನೂ ಯೋಚ್ನೆ ಮಾಡ್ಬೇಡ," ಎಂದು ಹೆಂಡತಿ ಡೆನೀಸ್‌ಗೆ ಧೈರ್ಯ ಹೇಳಿದ. "ನಮ್ಮ ಹುಡುಗ್ರು ಭಾನುವಾರ ಗೆದ್ದಿದ್ದೇ ಇಲ್ಲ. ಎಂಟಕ್ಕೆ ಶುರು, ಒಂಬತ್ತೂವರೆಗೆ ಸೋಲು, ಹನ್ನೊಂದಕ್ಕೆ ಮನೆ."

"ಸೋಲೋದು ಗ್ಯಾರಂಟಿನಾ?"

"ಬರ್ಕೊಡ್ಲಾ?"

ತಂಡದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಲೋವೆಲ್‌ಗೆ ಈ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಇತರ ತಂದೆಯರು ಕಪ್ಪು ಕನ್ನಡಕ ಹಾಕಿಕೊಂಡು ಬೇಲಿಗೆ ಮೂಗು ತಾಗಿಸಿ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ, ಹತ್ತು ವರ್ಷದ ಮಕ್ಕಳ ಮೊಣಕೈ ಕೋನದ ಬಗ್ಗೆ ಗಹನವಾಗಿ ಚರ್ಚಿಸುತ್ತಿದ್ದರು. ಇವನಿಗೆ ಅವರು ಒಪ್ಪಿಸಿದ್ದು ಚಪ್ಪರದ ಕೆಲಸ. ಕಬ್ಬಿಣದ ಕಾಲುಗಳ ಮೇಲೆ ನೀಲಿ ಬಟ್ಟೆಯ, ಮಡಚಿ ಬಿಚ್ಚುವ ಚಪ್ಪರ ಅದು. ಬೆಳಿಗ್ಗೆ ಹಾಕುವುದು, ಸೋತ ಮೇಲೆ ತೆಗೆಯುವುದು. ಅದರ ನೆರಳಲ್ಲಿ ತಾಯಂದಿರು ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನುಗಳಿಂದ ಗಾಳಿ ಹಾಕಿಕೊಳ್ಳುತ್ತ, ಮೇಕನ್ನಿನ ಗುಂಗುರುಗಳನ್ನು ಊದಿ ಓಡಿಸುತ್ತ ಕೂರುತ್ತಿದ್ದರು.

ಭಾನುವಾರ ಎಂಟಕ್ಕೆ ಶುರುವಾದ ಪಂದ್ಯ ಲೋವೆಲ್ ಅಂದುಕೊಂಡ ಹಾಗೇ ನಡೆಯಿತು. ಆರನೆಯ, ಅಂದರೆ ಕೊನೆಯ ಇನಿಂಗ್ಸ್ ಬಂದಾಗ ಗುಡುಗುಹಂದಿಗಳು ಏಳು ರನ್ನಿಗೆ ಒಂದು ರನ್ನಿನಂತೆ ಚೆನ್ನಾಗಿಯೇ ಸೋಲುತ್ತಿದ್ದವು. ಲೋವೆಲ್ ಗಡಿಯಾರ ನೋಡಿದ, ಒಂಬತ್ತೂಕಾಲು. ಐದು ನಿಮಿಷ ಉಳಿಸೋಣವೆಂದು ಎದ್ದು ಚಪ್ಪರದ ಒಂದು ಕಾಲಿನ ಗುಂಡಿ ಒತ್ತಿದ. ಚಪ್ಪರ ಕುಸಿದು ಟ್ಯಾಮಿ ಲಿನ್‌ಳ ತಲೆಯ ಮೇಲೆ ಕೂತಿತು.

"ಏ ಲೋವೆಲ್! ಜೀವ ಇನ್ನೂ ಇದೆ, ಹೆಣ ಎತ್ತೋಕೆ ಬಂದ್ಬಿಟ್ಯಾ?" ಎಂದು ಅವಳು ಬಟ್ಟೆಯ ಒಳಗಿನಿಂದ ಕೂಗಿದಳು.

ಅಷ್ಟರಲ್ಲಿ ಮೈದಾನದಲ್ಲಿ ಲೋಹದ ಬ್ಯಾಟು ಠಣ್ ಎಂದಿತು. ಮತ್ತೊಂದು ಠಣ್. ಲೋವೆಲ್ ಎರಡನೆಯ ಕಾಲು ಮಡಚಿದ; ಎರಡು ರನ್. ಮೂರನೆಯ ಕಾಲು ಮಡಚಿದ. ಎದುರಿನ ತಂಡದ ಹುಡುಗ ಕೈಗೆ ಬಂದ ಚೆಂಡನ್ನು ಬಿಟ್ಟು ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಚಪ್ಪರವನ್ನು ಚೀಲಕ್ಕೆ ತುಂಬಿ ಜಿಪ್ ಎಳೆಯುವ ಹೊತ್ತಿಗೆ ಗುಡುಗುಹಂದಿಗಳು ಎಂಟಕ್ಕೆ ಏಳರಿಂದ ಗೆದ್ದಾಗಿತ್ತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಿದ್ದರು. ಲೋವೆಲ್ ಚೀಲವನ್ನು ತಬ್ಬಿಕೊಂಡು ನಿಂತಲ್ಲೇ ನಿಂತ.

ಫೋನ್ ಬಂತು.

"ಸೋತ್ರಾ?" ಎಂದಳು ಡೆನೀಸ್.

"ಗೆದ್ಬಿಟ್ರು ಕಣೆ."

"ಗೆದ್ರಾ? ಏನ್ ಮಾಡ್ದೆ ನೀನು?"

"ನಾನೇನೂ ಮಾಡ್ಲಿಲ್ಲ! ಸುಮ್ನೆ ಚಪ್ಪರ ತೆಗೀತಿದ್ದೆ. ಹತ್ತೂವರೆಗೆ ಇನ್ನೊಂದಿದೆ. ಅದ್ರಲ್ಲಿ ಖಂಡಿತ ಸೋಲ್ತಾರೆ. ಮೊದಲನೇ ನಂಬರ್ ತಂಡ ಅದು, ಅವ್ರಲ್ಲಿ ಒಬ್ಬ ಹುಡುಗನಿಗೆ ಮೀಸೆ ಇದೆ."

ಬೇಸ್‌ಬಾಲ್ ಮಂದಿ ಸಾಮಾನ್ಯವಾಗಿ ತಿಳಿವಳಿಕೆಯುಳ್ಳವರು. ಅವರಲ್ಲಿ ವಕೀಲರಿದ್ದಾರೆ, ದಂತವೈದ್ಯರಿದ್ದಾರೆ. ಆದರೆ ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಸೋಲುವವರೆಗೂ ಒಗೆಯದವರೂ ಇವರೇ. ಎರಡನೆಯ ಪಂದ್ಯದ ಮೂರನೆಯ ಇನಿಂಗ್ಸಿನಲ್ಲಿ ಐದು ರನ್ ಹಿಂದೆ ಬಿದ್ದಾಗ ಟ್ಯಾಮಿ ಲಿನ್ ನಿಧಾನವಾಗಿ ಲೋವೆಲ್ ಕಡೆ ತಿರುಗಿದಳು.

"ಲೋವೆಲ್. ಚಪ್ಪರ ತೆಗಿ."

"ಯಾಕೆ? ಬಿಸಿಲಿದೆ. ನಿಮಗೆಲ್ಲ ನೆರಳು ಬೇಡ್ವಾ?"

"ನೀನು ತೆಗ್ದಾಗ್ಲೇ ನಮ್ಗೆ ರನ್ ಬಂದಿದ್ದು. ಮೊದ್ಲು ತೆಗಿ."

ಲೋವೆಲ್ ಬೆವರೊರೆಸಿಕೊಂಡ. ತೆಗೆದರೆ ಗೆಲ್ಲುತ್ತಾರೆಂದಾದರೆ, ತೆಗೆಯದಿದ್ದರೆ ಸೋಲುತ್ತಾರೆ ಎಂದು ಅವನ ಬುದ್ಧಿಗೆ ಹೊಳೆಯಿತು. "ಇಲ್ಲ, ತೆಗಿಯಲ್ಲ," ಎಂದು ಒಂದು ಕಾಲನ್ನು ತಬ್ಬಿ ಹಿಡಿದ. "ಇಷ್ಟು ಜನ ಹೆಂಗಸ್ರನ್ನ ಬಿಸಿಲಲ್ಲಿ ಒಣಗಿಸೋಕೆ ನನಗೆ ಮನಸ್ಸು ಬರಲ್ಲ!"

"ನೋಡಿ, ಎಂಥ ಒಳ್ಳೆ ಮನುಷ್ಯ!" ಎಂದು ತಾಯಂದಿರು ಕರಗಿಹೋದರು. ಕರಗಿದವರು ಸುಮ್ಮನಿರಲಿಲ್ಲ, ಎದ್ದು ಬಿಸಿಲಿಗೆ ಬಂದು, ತಂಡಕ್ಕೋಸ್ಕರ ಸುಟ್ಟುಕೊಳ್ಳುತ್ತೇವೆ ಎಂದು ಸಾಲಾಗಿ ನಿಂತರು. ಇಬ್ಬರು ತಂದೆಯರು ಬಂದು ಲೋವೆಲ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದೇ ಬೆರಳನ್ನು ಗುಂಡಿಯ ಮೇಲೆ ಇಟ್ಟು ಒತ್ತಿಸಿದರು. ಬೇರೆಯವರು ಒತ್ತಿದರೆ ಆಗದು, ಅವನೇ ಒತ್ತಬೇಕು ಎಂಬುದು ಅಷ್ಟರಲ್ಲಿ ಶಾಸ್ತ್ರವಾಗಿಬಿಟ್ಟಿತ್ತು.

ಚಪ್ಪರ ಇಳಿಯಿತು. ಮೀಸೆಯ ಹುಡುಗನಿಗೆ ಮೂಗಿನೊಳಗೆ ಗುಂಗುರು ಹೋಗಿ ಅವನೆಸೆದ ಚೆಂಡು ಎಲ್ಲೆಲ್ಲಿಗೋ ಹಾರತೊಡಗಿತು. ಮುಂದಿನ ಇನಿಂಗ್ಸಿಗೆ "ಮತ್ತೆ ಹಾಕು, ಮತ್ತೆ ತೆಗಿ," ಎಂದರು. ಹಾಕಿದ, ತೆಗೆದ. ಹನ್ನೆರಡು ಗಂಟೆಯ ಹೊತ್ತಿಗೆ ಲೋವೆಲ್ ಚಪ್ಪರವನ್ನು ಆರು ಸಲ ಹಾಕಿ ಆರು ಸಲ ತೆಗೆದಿದ್ದ. ಗುಡುಗುಹಂದಿಗಳು ಇತಿಹಾಸದಲ್ಲೇ ಮೊದಲ ಬಾರಿಗೆ ಫೈನಲ್‌ಗೆ ಬಂದಿದ್ದವು.

"ಇನ್ನೂ ಗೆಲ್ತಾನೇ ಇದಾರಾ?" ಎಂದು ಡೆನೀಸ್ ಫೋನಿನಲ್ಲಿ ಕಿರುಚಿದಳು. "ಅಮ್ಮಂಗೆ ಏನ್ ಹೇಳ್ಲಿ? ಕೂದ್ಲಿಗೆ ರೋಲರ್ ಹಾಕ್ಕೊಂಡು ನೀನೆಲ್ಲಿ ಅಂತ ಕೇಳ್ತಿದಾರೆ!"

"ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದ್ದೀನಿ ಅಂತ ಹೇಳು."

"ಗೆಲುವಪ್ಪ, ಗೆಲುವು!" ಎಂದು ಅದೇ ಹೊತ್ತಿಗೆ ಯಾರೋ ಅವನ ಕಿವಿಯ ಪಕ್ಕದಲ್ಲೇ ಕೂಗಿ ಬೆನ್ನು ಗುದ್ದಿದರು. ಫೋನು ಕೆಂಪು ಮಣ್ಣಿಗೆ ಬಿತ್ತು. ಎತ್ತಿಕೊಳ್ಳುವ ಮೊದಲು ಅದರೊಳಗಿಂದ ಅತ್ತೆಯ ದನಿ ಮೈದಾನಕ್ಕೇ ಕೇಳಿಸಿತು: "ಡೆನೀಸ್, ಅದ್ಯಾವ ಟ್ರಾಫಿಕ್ಕೇ, ಚಪ್ಪಾಳೆ ಹೊಡೆಯೋದು?"

ಫೈನಲ್ ಒಂದು ಗಂಟೆಗೆ, ಟಿಫ್ಟನ್ ಊರಿನ ‘ಕಡಜ’ಗಳ ಮೇಲೆ. ಚಪ್ಪರದ ಸುದ್ದಿ ಅಷ್ಟರಲ್ಲಿ ಅಲ್ಲಿದ್ದ ಹನ್ನೆರಡೂ ಮೈದಾನಗಳಿಗೆ ಹರಡಿತ್ತು. ಆಟ ಶುರುವಾದ ಕಾಲು ಗಂಟೆಯಲ್ಲೇ ಟಿಫ್ಟನ್ ತಂದೆತಾಯಿಯರು ದೂರು ಕೊಟ್ಟರು. ಪಂದ್ಯಾವಳಿಯ ಅಧಿಕಾರಿ ಡೆಲ್ಬರ್ಟ್, ನಿಯಮದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗಾಲ್ಫ್ ಗಾಡಿಯಲ್ಲಿ ಗಂಭೀರವಾಗಿ ಬಂದು ಇಳಿದ.

"ಚಪ್ಪರದ ಮೇಷ್ಟ್ರು ಯಾರು?"

ಎಲ್ಲರೂ ಹೆಮ್ಮೆಯಿಂದ ಲೋವೆಲ್‌ನತ್ತ ಬೆರಳು ತೋರಿಸಿದರು.

"ಸಾರ್, ಇದು ಅನ್ಯಾಯ," ಎಂದು ಟಿಫ್ಟನ್ ಕಡೆಯ ತಂದೆಯೊಬ್ಬ ವಾದಿಸಿದ. "ನಮ್ಮ ಮಕ್ಳು ಚೆಂಡು ನೋಡೋದು ಬಿಟ್ಟು ಆ ಮನುಷ್ಯನ್ನೇ ನೋಡ್ತಿದಾವೆ."

"ನಿಷೇಧ ಮಾಡ್ಬಿಡಿ ಸಾರ್," ಎಂದ ಲೋವೆಲ್, ತುಂಬು ಮನಸ್ಸಿನಿಂದ. "ನಾನು ದೂರೋದಿಲ್ಲ. ಚಪ್ಪರ ಮುಟ್ಬಾರ್ದು ಅಂತ ಹೇಳ್ಬಿಡಿ."

ಡೆಲ್ಬರ್ಟ್ ಪುಸ್ತಕ ತಿರುವಿದ. ಡೋಲು ಬಾರಿಸುವುದು, ಪೀಪಿ ಊದುವುದು, ಅಂಪೈರನ್ನು ಬೈಯುವುದು ಎಲ್ಲಕ್ಕೂ ನಿಯಮವಿತ್ತು, ಚಪ್ಪರದ ಮಾತಿರಲಿಲ್ಲ. ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ. "ಒಂದು ಇನಿಂಗ್ಸಿಗೆ ಒಂದ್ಸಲ ಮಾತ್ರ ತೆಗೀಬಹುದು. ಅರ್ಧಂಬರ್ಧ ಇಳಿಸಿ ನಿಲ್ಸೋ ಹಾಗಿಲ್ಲ." ಹೊರಡುವ ಮುನ್ನ ಎಲ್ಲರಿಗೂ ಕೇಳುವಂತೆ ಇನ್ನೊಂದು ನಿಯಮವನ್ನೂ ಓದಿದ. "ಅಂಪೈರು ಹೊರಗೆ ಹೋಗು ಅಂದವ್ರು ಐದು ನಿಮಿಷದಲ್ಲಿ ಬೇಲಿ ದಾಟ್ಬೇಕು. ದಾಟ್ಲಿಲ್ಲ ಅಂದ್ರೆ ಅವ್ರ ತಂಡ ಸೋತ ಹಾಗೆ."

ಲೋವೆಲ್‌ನ ಕಿವಿ ನೆಟ್ಟಗಾಯಿತು. ಅಂಪೈರನ್ನು ಬೈದರೆ ಸಾಕು. ಹೊರಗೆ ಹೋಗೆಂದಾಗ ಹೋಗದಿದ್ದರೆ ಸಾಕು. ಕೋಪ ನೆತ್ತಿಗೇರಿತು ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಈ ಜನರಲ್ಲಿ ಅದು ಒಂದು ಮರ್ಯಾದೆಯೇ. ಅವನು ಬೇಲಿಯ ಹತ್ತಿರ ಹೋಗಿ, ಎದೆ ತುಂಬ ಉಸಿರೆಳೆದು, ಅಂಪೈರ್ ಓಡೆಲ್ ಪ್ರೂಯಿಟ್‌ನ ಬೆನ್ನಿಗೆ ಕೂಗಿದ.

"ಸ್ವಾಮಿ! ನಿಮಗೆ ಕಣ್ಣು ಸರಿಯಾಗಿ ಕಾಣ್ಸುತ್ತಾ?"

ಓಡೆಲ್ ಮುಖದ ಜಾಲರಿ ಎತ್ತಿ ತಿರುಗಿದ. ನಲವತ್ತೈದರ ಆಸುಪಾಸಿನ ದಪ್ಪ ಮನುಷ್ಯ, ಬೆಳಿಗ್ಗೆಯಿಂದ ಮೂರನೆಯ ಪಂದ್ಯ. "ಬೆವರು ಇಳಿದು ಸ್ವಲ್ಪ ಉರೀತಿದೆ. ಕೇಳಿದ್ರಲ್ಲ, ಅದೇ ಸಂತೋಷ."

ಲೋವೆಲ್ ಇನ್ನೂ ಖಾರವಾಗಿ ಪ್ರಯತ್ನಿಸಿದ. "ಮನೇಲಿ ಹೋಗಿ ಮಲಕ್ಕೊಳ್ಳೋದು ಬಿಟ್ಟು ಇಲ್ಲಿಗ್ಯಾಕ್ರೀ ಬಂದ್ರಿ ನೀವು?"

"ಅದನ್ನೇ ನನ್ನ ಹೆಂಡ್ತೀನೂ ಹೇಳಿದ್ದು," ಎಂದ ಓಡೆಲ್, ಕಣ್ಣು ತುಂಬಿಕೊಂಡು. "ಹದಿನೆಂಟು ವರ್ಷದಿಂದ ಅಂಪೈರಾಗಿದೀನಿ. ಒಬ್ಬ ತಂದೆ ಬಂದು ನನ್ನ ಆರೋಗ್ಯ ವಿಚಾರಿಸಿದ್ದು ಇದೇ ಮೊದಲು." ಎಂದವನೇ ತನ್ನ ತಣ್ಣನೆಯ ನೀರಿನ ಬಾಟಲಿಯನ್ನು ಬೇಲಿಯ ಮೇಲಿಂದ ಲೋವೆಲ್‌ಗೇ ದಾಟಿಸಿದ. ಬೈಗುಳಕ್ಕೂ ಒಂದು ಮುಖ ಬೇಕು. ಲೋವೆಲ್‌ಗೆ ದೇವರು ಕೊಟ್ಟಿದ್ದು ಗ್ಯಾರೇಜಿನ ಬಾಗಿಲು ಕೆಟ್ಟರೆ ಸಮಾಧಾನ ಹೇಳುವ ಮುಖ.

ಆರು ಇನಿಂಗ್ಸ್ ಮುಗಿದಾಗ ಎರಡೂ ಕಡೆ ಐದೈದು ರನ್; ಸಮವಾದರೆ ಒಂದೊಂದೇ ಇನಿಂಗ್ಸ್ ಮುಂದುವರಿಸಬೇಕು. ಏಳನೆಯ ಇನಿಂಗ್ಸಿನಲ್ಲೂ ಸಮ. ಎಂಟು ಶುರುವಾಯಿತು. ಗಂಟೆ ಎರಡೂಕಾಲು. ಫೋನ್ ಬಂತು.

"ಲೋವೆಲ್," ಡೆನೀಸ್‌ಳ ದನಿ ತಣ್ಣಗಿತ್ತು. "ಅಮ್ಮ ಹೊರಟು ಒಂದು ಗಂಟೆ ಆಯ್ತು."

"ಚರ್ಚಿಗಾ?"

"ನಿನ್ನ ಹತ್ರಕ್ಕೆ."

ಅವನು ತಲೆಯೆತ್ತಿದಾಗ ಪಾರ್ಕಿಂಗ್ ಕಡೆಯಿಂದ ಹಾರ್ಲನ್ ಪೀವಿಯ ಕಾರು ಬಂದು ನಿಂತಿತು. ಇಮೋಜೀನ್ ಇಳಿದರು. ಕೆನೆ ಬಣ್ಣದ ಮದುವೆಯ ಗೌನು, ಅರ್ಧ ತಲೆಗೆ ಗುಲಾಬಿ ಬಣ್ಣದ ರೋಲರ್‌ಗಳು, ಕಾಲಲ್ಲಿ ಮನೆಯ ಚಪ್ಪಲಿ. ಹಿಂದೆ ಬೂದು ಸೂಟಿನ ಹಾರ್ಲನ್ ಅವರ ಗೌನಿನ ತುದಿ ಕೆಂಪು ಮಣ್ಣಿಗೆ ತಾಗದಂತೆ ಎತ್ತಿ ಹಿಡಿದು ಓಡೋಡಿ ಬರುತ್ತಿದ್ದ. ಕಡಲೆಕಾಯಿ ಬೇಯಿಸಿ ಮಾರುವವನೂ ಸೌಟು ಹಿಡಿದ ಕೈ ನಿಲ್ಲಿಸಿ ನೋಡಿದ.

ಲೋವೆಲ್ ಚಪ್ಪರದ ಹಿಂದೆ ಅಡಗಲು ತಿರುಗಿದ. ತಿರುಗಿದ್ದೇ ತಪ್ಪಾಯಿತು.

"ಮದುವೆ ಇರಲಿ," ಎಂದು ಇಮೋಜೀನ್ ರಸ್ತೆಯ ಬೋರ್ಡು ಓದುವವರಂತೆ ಅವನ ಬೆನ್ನನ್ನು ಓದಿದರು, "ಮಣ್ಣಿರಲಿ. ಭಾನುವಾರ ಅಂದ್ರೆ ಮೈದಾನ. ಲೋವೆಲ್ ಟಿಡ್ವೆಲ್."

"ಮಿಸ್ ಇಮೋಜೀನ್, ಅದು ಜನವರೀಲಿ ಹೇಳಿದ್ದು..."

"ಮದುವೆ ನಂದು, ಸರಿ. ಮಣ್ಣು ಯಾರ್ದು? ನಿಂದಾ?"

ಹತ್ತಿರ ಹೋಗಿ ಅವರು ಅವನ ಕಿವಿಗೆ ಕೈ ಹಾಕುವುದಕ್ಕೂ ಟಕರ್ ಬ್ಯಾಟ್ ಹಿಡಿದು ನಿಲ್ಲುವುದಕ್ಕೂ ಸರಿಹೋಯಿತು. ಮೂವರು ಔಟಾದರೆ ಸರದಿ ಮುಗಿದಂತೆ, ಇಬ್ಬರು ಆಗಲೇ ಔಟಾಗಿದ್ದರು. ಟಕರ್‌ಗೂ ಎರಡು ಸ್ಟ್ರೈಕ್ ಆಗಿತ್ತು, ಮೂರಾದರೆ ಔಟ್. ಅಜ್ಜಿಯನ್ನು ಗೌನಿನಲ್ಲಿ ಕಂಡ ಹುಡುಗ ಬಾಯಿ ತೆರೆದು ನಿಂತ. ಚೆಂಡು ಬಂತು. ಅವನ ಪಾದದ ಹತ್ತಿರ ಧೂಳೆಬ್ಬಿಸಿಕೊಂಡು ಹೋಯಿತು. ಮೊಣಕಾಲಿಗಿಂತ ಕೆಳಗಿನ ಚೆಂಡು ಲೆಕ್ಕಕ್ಕಿಲ್ಲ ಎಂಬುದು ನಿಯಮ.

"ಸ್ಟ್ರೈಕ್ ಮೂರು! ಔಟ್!" ಎಂದ ಓಡೆಲ್.

ಇಮೋಜೀನ್ ಅಳಿಯನ ಕಿವಿ ಬಿಟ್ಟರು.

"ಏನಂದೆ?"

ಓಡೆಲ್ ಆ ದನಿಗೆ ಮುಖದ ಜಾಲರಿಯನ್ನು ತಾನಾಗಿಯೇ ತೆಗೆದ.

"ಓಡೆಲ್ ಪ್ರೂಯಿಟ್! ಎಂಟನೇ ಸ್ಟಾಪು! ನೀನಾ?"

"ಹೌದು ಮ್ಯಾಮ್," ಎಂದ ಅಂಪೈರ್, ನೇರ ನಿಂತು.

"ನನ್ನ ಬಸ್ಸು ಮನೆಯಷ್ಟು ದೊಡ್ಡದು, ಹಳದಿ ಬಣ್ಣ, ನೆತ್ತಿ ಮೇಲೆ ಕೆಂಪು ದೀಪ. ಅದು ಮುಂದೆ ಬಂದು ನಿಂತ್ರೂ ಕಾಣ್ದೆ ಬೇರೆ ಶಾಲೆ ಬಸ್ಸು ಹತ್ತಿ ಎರಡು ಸಲ ಕಳೆದುಹೋದೋನು ನೀನು! ಈಗ ಮುಷ್ಟಿಯಷ್ಟು ಚೆಂಡು ಮೊಣಕಾಲಿನ ಮೇಲಿತ್ತೋ ಕೆಳಗಿತ್ತೋ ನೀನು ಹೇಳ್ತೀಯಾ? ಆ ಚೆಂಡು ಇನ್ನೊಂದು ಚೂರು ಕೆಳಗೆ ಹೋಗಿದ್ರೆ ನೀರು ಬರೋದು ಕಣೋ!"

ಓಡೆಲ್‌ಗೆ ಅಳು ಬರುವಂತಾಯಿತು. ಆದರೂ ಹುದ್ದೆ ಹುದ್ದೆಯೇ. ಹೆಬ್ಬೆರಳನ್ನು ಗೇಟಿನತ್ತ ತೋರಿಸಿದ. "ಮ್ಯಾಮ್, ನೀವು... ದಯವಿಟ್ಟು ಹೊರಗೆ ಹೋಗ್ಬೇಕು."

"ಯಾರನ್ನ ಇಳಿಸ್ಬೇಕು ಅಂತ ಹೇಳೋಳು ನಾನು," ಎಂದ ಇಮೋಜೀನ್ ಲೋವೆಲ್‌ನ ಮಡಚುವ ಕುರ್ಚಿಯಲ್ಲಿ ಗೌನು ಹರಡಿ ಕೂತೇಬಿಟ್ಟರು.

ಡೆಲ್ಬರ್ಟ್‌ನ ಗಾಡಿ ಬಂತು. ಮದುಮಗಳನ್ನು ಹೊರಹಾಕಲು ಪುಸ್ತಕದಲ್ಲಿ ಬೇರೆ ನಿಯಮವಿದೆಯೇ ಎಂದು ಹುಡುಕಿ, ಇಲ್ಲವೆಂದು ಕಂಡು, ಗಡಿಯಾರ ಹಿಡಿದ. "ಐದು ನಿಮಿಷ. ಆಮೇಲೆ ಗ್ರಿಫಿನ್ ತಂಡ ಸೋತ ಹಾಗೆ."

ಬೆಳಿಗ್ಗೆ ಎಂಟರಿಂದ ಲೋವೆಲ್ ಬೇಡಿಕೊಂಡದ್ದು ಕಾಲ ಬಳಿ ಬಂದು ಬಿದ್ದಿತ್ತು. ಅವನು ಏನೂ ಮಾಡಬೇಕಾಗಿರಲಿಲ್ಲ. ಐದು ನಿಮಿಷ ಸುಮ್ಮನೆ ನಿಂತರೆ ಸಾಕು. ಮದುವೆಗೂ ಹೊತ್ತಿಗೆ ಸರಿಯಾಗಿ ಹೋಗಬಹುದು, ಅವನ ಮೇಲೆ ಯಾರೂ ಬೆರಳು ತೋರಿಸುವಂತೆಯೂ ಇಲ್ಲ. ಸುಮ್ಮನೆ ನಿಲ್ಲುವುದು ಅವನಿಗೆ ಚೆನ್ನಾಗಿ ಬರುತ್ತಿದ್ದ ಒಂದೇ ವಿದ್ಯೆ. ಅಷ್ಟರಲ್ಲಿ ಟಕರ್ ಬೇಲಿಯ ಹತ್ತಿರ ಬಂದ. ಕೆನ್ನೆಯ ಕೆಂಪು ಮಣ್ಣಿನ ಮೇಲೆ ಕಣ್ಣೀರಿನ ಎರಡು ಗೆರೆ.

"ಅಪ್ಪಾ, ಅಜ್ಜಿಗೆ ಹೇಳಪ್ಪ. ನಾವು ಇನ್ನೂ ಸೋತಿಲ್ಲ."

ಲೋವೆಲ್‌ಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಅವನಿಗೆ ಆ ಹುಡುಗನ ಮುಖ ನೋಡಲಾಗಲಿಲ್ಲ.

"ನನ್ನಿಂದಾಗಿದ್ದು!" ಎಂದು ಕೂಗಿಬಿಟ್ಟ. "ಬೆಳಿಗ್ಗೆಯಿಂದ ಸೋಲ್ಲಿ, ಸೋಲ್ಲಿ ಅಂತ ಬೇಡ್ಕೋತಾ ಇದ್ದೆ. ಇವತ್ತು ನಮ್ಮ ಅತ್ತೆ ಮದುವೆ. ಮೊದಲನೇ ಮ್ಯಾಚಲ್ಲಿ ನಾನು ಚಪ್ಪರ ತೆಗ್ದಿದ್ದು ಮನೆಗೆ ಹೋಗೋಕೆ!"

ಟ್ಯಾಮಿ ಲಿನ್ ತನ್ನ ಫ್ಯಾನನ್ನು ಆರಿಸಿದಳು.

"ಇವತ್ತು ಬೆಳಿಗ್ಗೆಯಿಂದಾನಾ?" ಎಂದಳು ಮೆಲ್ಲಗೆ. "ನಾನು ಮಾರ್ಚಿನಿಂದ."

"ನಾನು ಕೋಚ್ ಆದಾಗಿನಿಂದ," ಎಂದ ರಸ್ಟಿ, ಟೋಪಿ ತೆಗೆದು.

"ನಮ್ಮಲ್ಲಿ ದೊಡ್ಡ ಮಗನ ಕಾಲದಿಂದ್ಲೂ ಇದೇ ಪಾಡು," ಎಂದು ಟಿಫ್ಟನ್ ಕಡೆಯ ತಂದೆ ಬೇಲಿಯಾಚೆಯಿಂದ ಹೇಳಿ ಕನ್ನಡಕ ಒರೆಸಿಕೊಂಡ. ಓಡೆಲ್ ಹೌದೆಂಬಂತೆ ಬಹಳ ಹೊತ್ತು ತಲೆಯಾಡಿಸಿದ. ಎರಡು ತಂಡ, ನಲವತ್ತು ದೊಡ್ಡವರು. ಪ್ರತಿ ಭಾನುವಾರ ಎಲ್ಲರೂ ಗೆಲುವಿಗಾಗಿ ಕೂಗುತ್ತ ಒಳಗೊಳಗೇ ಸೋಲಿಗಾಗಿ ಕೈಮುಗಿಯುತ್ತಿದ್ದರು. ಪರಸ್ಪರ ಗುಟ್ಟು ತಿಳಿದು ಅವರಿಗೆಲ್ಲ ತಲೆನೋವು ಇಳಿದಂತಾಯಿತು. ಹಾಗಾದರೆ ಹೊರಡೋಣವೇ ಎಂದು ಒಬ್ಬಿಬ್ಬರು ಕುರ್ಚಿಗಳನ್ನೂ ಮಡಚತೊಡಗಿದರು.

"ಮೂರು ನಿಮಿಷ," ಎಂದ ಡೆಲ್ಬರ್ಟ್.

ಇಮೋಜೀನ್ ಮಾತ್ರ ದೊಡ್ಡವರ ಕಡೆ ತಿರುಗಿಯೂ ನೋಡಲಿಲ್ಲ. ಬೇಲಿಗೆ ಆತುಕೊಂಡು ನಿಂತಿದ್ದ ಹದಿನೆಂಟು ಕೊಳಕು ಮುಖಗಳನ್ನು ಒಂದೊಂದಾಗಿ, ಬಸ್ಸಿನ ಕನ್ನಡಿಯಲ್ಲಿ ನೋಡುವವರಂತೆ ನೋಡಿದರು.

"ಏ ಮಕ್ಕಳಾ. ನಿಮಗೆ ಆಡ್ಬೇಕಾ?"

"ಹೌದು ಮ್ಯಾಮ್!" ಎಂದವು ಎರಡೂ ತಂಡದ ಮಕ್ಕಳು ಒಟ್ಟಿಗೆ.

ಅವರು ಎದ್ದರು. "ಹಾರ್ಲನ್, ಪಾದ್ರಿಗಳಿಗೆ ಫೋನ್ ಮಾಡು. ನಾಲ್ಕಲ್ಲ, ಐದು ಅಂತ ಹೇಳು."

"ಇಮೋಜೀನ್, ಊಟದ ಕೋಳಿ ಆಗ್ಲೇ ಹುರಿದಾಗಿದೆ..."

"ತಣ್ಣಗಾದ್ರೆ ಸತ್ತೇನೂ ಹೋಗಲ್ಲ, ಅದು ಸತ್ತೇ ಇದೆ." ಆಮೇಲೆ ಅಂಪೈರ್ ಕಡೆಗೆ ತಿರುಗಿದರು. "ಹೊರಗೆ ಹೋಗ್ತಿದೀನಿ ಓಡೆಲ್. ನೀನು ಹೇಳ್ದೆ ಅಂತಲ್ಲ."

ಬೇಲಿ ದಾಟಿದ ಮದುಮಗಳು ಪಾರ್ಕಿಂಗ್‌ನಲ್ಲಿದ್ದ ಒಂದು ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಹತ್ತಿ ನಿಂತರು. ಅಲ್ಲಿಂದ ಮೈದಾನ ಚೆನ್ನಾಗಿ ಕಾಣುತ್ತಿತ್ತು. ನಿಯಮದ ಪ್ರಕಾರ ಅದು ಹೊರಗೆ. ದನಿಯ ಪ್ರಕಾರ ಒಳಗೆ.

ಎಂಟನೆಯ ಇನಿಂಗ್ಸೂ ಸಮವಾಗಿಯೇ ಮುಗಿದಿತ್ತು. ಒಂಬತ್ತನೆಯದರ ಮೊದಲರ್ಧದಲ್ಲಿ ಟಿಫ್ಟನ್ ಒಂದು ರನ್ ಮಾಡಿತು. ಗುಡುಗುಹಂದಿಗಳ ಸರದಿ ಬಂದಾಗ ಇಬ್ಬರು ಬೇಗ ಔಟಾದರು. ಚಪ್ಪರ ತೆಗಿ ಎಂದು ಯಾರೂ ಲೋವೆಲ್‌ಗೆ ಹೇಳಲಿಲ್ಲ. ಚಪ್ಪರದ ಗುಟ್ಟು ಬಯಲಾದ ಮೇಲೆ ಹೇಳುವುದಕ್ಕೆ ಎಲ್ಲರಿಗೂ ಸಂಕೋಚ. ಲೋವೆಲ್ ತಾನೇ ಎದ್ದ. ಚಪ್ಪರದ ಕಾಲಿನ ಹತ್ತಿರ ಹೋಗಿ, ಆ ದಿನ ಮೊಟ್ಟಮೊದಲ ಬಾರಿಗೆ, ಗೆಲ್ಲಲಿ ಎಂದು ಮನಸಾರೆ ಬೇಡಿಕೊಂಡು ಗುಂಡಿ ಒತ್ತಿದ. ಒತ್ತುವಾಗ ಬೆರಳು ಸಿಕ್ಕಿಕೊಂಡಿತು. ನೋವಿಗೆ "ಅಯ್ಯೋ" ಎನ್ನುತ್ತಲೇ ಎರಡನೆಯ ಕಾಲಿಗೆ ಓಡಿದ. ತಾಯಂದಿರು ಹೇಳಿಸಿಕೊಳ್ಳದೆ ಎದ್ದು ಬಿಸಿಲಿಗೆ ನಿಂತರು. ಠಣ್ ಎಂದಿತು. ಟ್ರಕ್ಕಿನ ಮೇಲಿಂದ "ಓಡೋ, ಓಡೋ, ಬಸ್ಸು ಹೊರಟ್ತು!" ಎಂಬ ಕೂಗು ಕೇಳಿತು. ಆ ಕೂಗಿಗೆ ಗುಡುಗುಹಂದಿಗಳಷ್ಟೇ ಅಲ್ಲ, ಗಾಬರಿಯಾಗಿ ಟಿಫ್ಟನ್ ಹುಡುಗರೂ ಓಡತೊಡಗಿದರು. ಚೆಂಡು ಹಿಡಿಯಬೇಕಾದವನೂ ಓಡಿದ. ಚಪ್ಪರ ಚೀಲ ಸೇರುವಷ್ಟರಲ್ಲಿ ಎರಡು ರನ್ ಬಂದಿತ್ತು.

ಗೆದ್ದವರ ಬಹುಮಾನವನ್ನು ಡೆಲ್ಬರ್ಟ್ ಗಾಡಿಯ ಮೇಲೆ ನಿಂತು ಘೋಷಿಸಿದ. ಮುಂದಿನ ವಾರ ಪಕ್ಕದ ರಾಜ್ಯದ ಚಟನೂಗದಲ್ಲಿ ಇನ್ನೂ ದೊಡ್ಡ ಪಂದ್ಯಾವಳಿ. ಗುಡುಗುಹಂದಿಗಳಿಗೆ ನೇರ ಪ್ರವೇಶ, ಶನಿವಾರ ಮತ್ತು ಭಾನುವಾರ. ಮಕ್ಕಳು ಕುಣಿದಾಡಿದರು. ತಂದೆತಾಯಿಯರು ಸಾವಿನ ಮನೆಯಲ್ಲಿ ಕೈಕುಲುಕುವವರಂತೆ ಒಬ್ಬರ ಕೈ ಒಬ್ಬರು ಕುಲುಕಿದರು. ಟಿಫ್ಟನ್‌ನವರು ಮಾತ್ರ ಶಿಳ್ಳೆ ಹಾಕುತ್ತ ಮೂರು ನಿಮಿಷದಲ್ಲಿ ಪಾರ್ಕಿಂಗ್ ಖಾಲಿ ಮಾಡಿದರು.

ಐದು ಗಂಟೆ ಹತ್ತು ನಿಮಿಷಕ್ಕೆ ಗ್ರಿಫಿನ್‌ನ ಚರ್ಚಿನಲ್ಲಿ ಆರ್ಗನ್ ಬಾರಿಸತೊಡಗಿದರು. ಹಿಂದಿನ ಎರಡು ಸಾಲಿನಲ್ಲಿ ಒಂಬತ್ತು ಹುಡುಗರು ಮಣ್ಣು ಮೆತ್ತಿದ ಸಮವಸ್ತ್ರದಲ್ಲೇ ಕೂತು ತಣ್ಣಗಾದ ಕೋಳಿಯ ವಾಸನೆ ಹಿಡಿಯುತ್ತಿದ್ದರು. ಬಾಗಿಲಿನಲ್ಲಿ ಲೋವೆಲ್ ಕೋಟು ಹಾಕಿಕೊಂಡು ನಿಂತಿದ್ದ. ಒಳಗಿನ ಟೀ ಶರ್ಟು ಬದಲಿಸಲು ಸಮಯ ಸಿಕ್ಕಿರಲಿಲ್ಲ. ಒಂದು ಬೆರಳಿಗೆ ಪಟ್ಟಿ. ಇಮೋಜೀನ್ ಅವನ ತೋಳಿಗೆ ಕೈ ಹಾಕಿದರು, ಬಸ್ಸಿನ ಗೇರು ಹಿಡಿಯುವಷ್ಟು ಬಿಗಿಯಾಗಿ. ಲೋವೆಲ್‌ಗೆ ಅಷ್ಟು ಹೆಮ್ಮೆ ತಾನು ಮದುವೆಯಾದ ದಿನವೂ ಆಗಿರಲಿಲ್ಲ.

ಎರಡು ಹೆಜ್ಜೆ ನಡೆದಿದ್ದರಷ್ಟೆ. ಮದುಮಗಳು ನೋಟವನ್ನು ಹಾರ್ಲನ್ ಮೇಲಿಂದ ಕದಲಿಸದೆ, ತುಟಿಯ ಅಂಚಿನಲ್ಲಿ ಪಿಸುಗುಟ್ಟಿದರು. ಅವರ ಪಿಸುಮಾತು ಕೊನೆಯ ಸಾಲಿನವರೆಗೂ ಕೇಳಿಸಿತು.

"ಮುಂದಿನ ಭಾನುವಾರ ಎಷ್ಟು ಗಂಟೆಗೆ?"

"ನಿಮ್ಮ ಹನಿಮೂನು, ಮಿಸ್ ಇಮೋಜೀನ್..."

"ಹಾರ್ಲನ್‌ಗೆ ಕಾರಲ್ಲೇ ಹೇಳಿದೀನಿ. ಚಟನೂಗದಲ್ಲೂ ಹೋಟೆಲಿದೆ. ಎಷ್ಟು ಗಂಟೆಗೆ?"

ಲೋವೆಲ್ ಎಡಕ್ಕೆ ನೋಡಿದ, ಟ್ಯಾಮಿ ಲಿನ್ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಬಲಕ್ಕೆ ನೋಡಿದ, ಟಕರ್ ಬೆಂಚಿನ ಮೇಲೆ ಹತ್ತಿ ನಿಂತು ನಗುತ್ತಿದ್ದ.

"ಎಂಟಕ್ಕೆ, ಮ್ಯಾಮ್," ಎಂದು ಲೋವೆಲ್ ಅತ್ತೆಯ ಕೈಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮುಂದೆ ನಡೆದ.